ಸಾಬೂನಿನ ದವಡೆ ಹಲ್ಲು

ಆ ಹುಡುಗಿಯ ಉಗುರಿನ ಸಂದಿಯಲ್ಲಿ ಯಾವಾಗ ನೋಡಿದರೂ ಬಿಳೀ ಸಾಬೂನು ಮೆತ್ತಿಕೊಂಡಿರುತ್ತಿತ್ತು. ತೊಳೆದರೂ ಹೋಗದು. ಸಾಬೂನನ್ನು ಏನು ಹಾಕಿ ತೊಳೆಯುವುದು? ನಮ್ಮ ಮನೆಯಲ್ಲಿ ಸಾರನ್ನ ಕಲಸುವಾಗ ಬೆರಳು ಮೂಸಿ, "ಅಜ್ಜಿ, ನಿಮ್ ಸಾರು ಸೋಪ್ ಥರಾ ಇದೆ" ಅನ್ನುತ್ತಿದ್ದಳು.

"ಸಾರಲ್ಲ ಕಣೇ, ನಿನ್ ಕೈ," ಅನ್ನುತ್ತಿದ್ದೆ ನಾನು.

ಅಮೆರಿಕದ ವಾಲ್ನಟ್ ಕ್ರೀಕಿನಲ್ಲಿ ನನ್ನ ಮಗನ ಅಪಾರ್ಟ್‌ಮೆಂಟಿನ ಎದುರು ಬಾಗಿಲು ಅವಳ ಮನೆಯವರದು. ಮೈಸೂರಿನವರು. ಅಪ್ಪ ಇಂಜಿನಿಯರು, ತಾಯಿಗೆ ಬ್ಯಾಂಕಿನ ಕೆಲಸ, ಇವಳೊಬ್ಬಳೇ ಮಗಳು. ಹಗಲು ಅವರ ಮನೆ ಖಾಲಿ, ನಮ್ಮ ಮನೆಯಲ್ಲಿ ನಾನೊಬ್ಬಳೇ. ಕಾಲೇಜು ಬಿಟ್ಟ ಕೂಡಲೇ ಅವಳು ನೇರ ನನ್ನ ಅಡುಗೆಮನೆಗೆ ಬರುತ್ತಿದ್ದಳು. ಎಂಬತ್ತರ ದಶಕದ ಮಾತು.

ಹಲ್ಲಿನ ಡಾಕ್ಟರಾಗಬೇಕು ಎಂದು ಅವಳ ಆಸೆ. ಇಲ್ಲಿ ಅದು ಸುಲಭವಲ್ಲ. ಮೊದಲು ಬೇರೆ ಕಾಲೇಜಿನಲ್ಲಿ ಬಯಾಲಜಿ ಓದಬೇಕು, ದೊಡ್ಡ ಪರೀಕ್ಷೆ ಕಟ್ಟಬೇಕು, ಆಮೇಲೆ ಸಂದರ್ಶನಕ್ಕೆ ಕರೆದರೆ ಪುಣ್ಯ. ಅಪ್ಪನ ಬಲವಂತವೇನೇ ಎಂದು ಒಮ್ಮೆ ಕೇಳಿದೆ.

"ಇಲ್ಲ ಅಜ್ಜಿ. ಡ್ಯಾಡಿಗೆ ಹಾರ್ಟ್ ಡಾಕ್ಟರ್ ಬೇಕಿತ್ತು. ಇದು ನಂದೇ."

ಚಿಕ್ಕವಳಿದ್ದಾಗ ಅವಳ ಮುಂದಿನ ಹಲ್ಲು ಸೊಟ್ಟಗಿದ್ದವಂತೆ. ಬಾಯಿಗೆ ಕೈ ಅಡ್ಡ ಇಟ್ಟೇ ನಗುತ್ತಿದ್ದಳಂತೆ. ಯಾರೋ ಡಾಕ್ಟರಮ್ಮ ತಂತಿ ಕಟ್ಟಿ ಸರಿಮಾಡಿ, ಕನ್ನಡಿ ಹಿಡಿದು, ಈಗ ಕೈ ತೆಗಿ ಅಂದಳಂತೆ. "ಐ ವಾಂಟ್ ಟು ಬಿ ಹರ್" ಅಂದಳು. ಅಷ್ಟು ಇಂಗ್ಲಿಷು ನನಗೂ ತಿಳಿಯಿತು.

ಪರೀಕ್ಷೆಯಲ್ಲಿ ಚೆನ್ನಾಗಿಯೇ ನಂಬರು ಬಂತು. ಆದರೆ ಒಂದು ಕಾಲೇಜಿನವರು ಸಂದರ್ಶನದ ದಿನ ಮೇಣದ ತುಂಡು ಕೊಟ್ಟು ಹಲ್ಲು ಕೆತ್ತಿಸಿ ಕೈಕೆಲಸ ನೋಡುತ್ತಾರೆ, ಸಾಬೂನಿನಲ್ಲಿ ಅಭ್ಯಾಸ ಮಾಡು ಎಂದು ಅವಳ ಮೇಷ್ಟ್ರು ಹೇಳಿದ್ದರು. ಕೆತ್ತಿದಳು. ಕೆಟ್ಟ ಹಲ್ಲೆಲ್ಲ ನಮ್ಮ ಬಚ್ಚಲಿಗೆ ಬಂತು. ಆ ವರ್ಷ ಪೂರ್ತಿ ನನ್ನ ಮಗ ದವಡೆ ಹಲ್ಲಿನಲ್ಲೇ ಮೈ ತಿಕ್ಕಿಕೊಂಡು ಆಫೀಸಿಗೆ ಹೋದ.

ಅವಳ ಕೈ ನಡುಗುವುದನ್ನು ನಾನು ನೋಡಿದ್ದು ಆಗ. ಎದುರು ಕೂತು ನೋಡಿದರೆ ಚಾಕುವಿನ ತುದಿ ಗುಬ್ಬಿ ಕೊಕ್ಕಿನ ಹಾಗೆ ಟಕಟಕ ಅನ್ನುತ್ತಿತ್ತು. ಒಲೆಯ ಕಡೆ ತಿರುಗಿ ಒಗ್ಗರಣೆ ಹಾಕಿ ಮತ್ತೆ ನೋಡುವಷ್ಟರಲ್ಲಿ ಹಲ್ಲಿನ ಒಂದು ಮೂಲೆ ನುಣ್ಣಗೆ ಬಂದಿರುತ್ತಿತ್ತು. ಯಾರೂ ನೋಡದಿದ್ದರೆ ಆ ಕೈ ಕಲ್ಲು. ನೋಡಿದರೆ ಎಲೆ. ನರದ ಡಾಕ್ಟರಿಗೂ ತೋರಿಸಿದರು. ಕಾಯಿಲೆ ಏನೂ ಇಲ್ಲ ಅಂದರು. ಅವಳ ಅಮ್ಮ ಹರಕೆ ಹೊತ್ತಳು. ನಾನು ಏನು ಮಾಡಲಿ? ಅವಳಿಗೆ ಬೆನ್ನು ಹಾಕಿಕೊಂಡು ಅಡುಗೆ ಮಾಡಿದೆ.

ಅಪ್ಪನ ಲೆಕ್ಕವೇ ಬೇರೆ. ನಮ್ಮ ಕಡೆ ನೆಂಟರು ಬಂದರೆ ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ದೇವರನಾಮ ಹೇಳಿಸುವುದಿಲ್ಲವೇ, ಹಾಗೆ ಈ ಮಹಾರಾಯ ಮನೆಗೆ ಬಂದವರ ಮುಂದೆಲ್ಲ ಅವಳ ಕೈಗೆ ಸಾಬೂನು ಕೊಡುತ್ತಿದ್ದ. ಒಂದು ಶನಿವಾರ ಮನೆ ತುಂಬ ಕನ್ನಡದವರು, ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ.

"ಪುಟ್ಟಾ, ಅಂಕಲ್‌ಗೆ ಒಂದ್ ಮೋಲಾರ್ ಮಾಡಿ ತೋರ್ಸು."

"ಡ್ಯಾಡೀ, ಪ್ಲೀಸ್, ನಾಟ್ ನೌ."

"ಏನ್ ನಾಚ್ಕೆ? ಎಲ್ಲಾ ನಮ್ಮವ್ರೇ!"

ರೆಡ್‌ವುಡ್ ಸಿಟಿಯಿಂದ ಬಂದಿದ್ದ ಒಬ್ಬಾತ ಬಾಯಿ ಅಗಲಿಸಿ, "ನನ್ ಹಲ್ ಎರಡು ಅಲ್ಲಾಡ್ತಿದೆ ಕಣಮ್ಮ. ನೀನ್ ಓದಿ ಮುಗ್ಸೋವರ್ಗೂ ಕಾಯ್ಲಾ, ಕಿತ್ತು ಕೈಗೆ ಕೊಡ್ಲಾ?" ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಕೆತ್ತುತ್ತಿದ್ದ ಚಾಕು ಜಾರಿ ಹೆಬ್ಬೆರಳು ಸೀಳಿತು. ಸಾಬೂನು ಕೆಂಪಾಯಿತು.

ಮಾರನೇ ದಿನ ಅವಳಪ್ಪನನ್ನು ಬಾಗಿಲಲ್ಲೇ ಹಿಡಿದೆ. "ಆ ಮಗೀನ ನೋಡ್ಬೇಡಿ ಕಣಪ್ಪ. ನೋಡಿದ್ರೆ ಕೈ ನಡುಗ್ತದೆ."

ಅವನು ಸಿಟ್ಟಾಗಲಿಲ್ಲ. ಸುಸ್ತಾದ ಮುಖದಲ್ಲಿ, "ನಾನ್ ನೋಡ್ದೆ ಇರ್ಬೋದಮ್ಮ. ಕಾಲೇಜ್‌ನವ್ರು ನೋಡಲ್ವಾ? ಈಗ್ಲೇ ಅಭ್ಯಾಸ ಆಗ್ಲಿ ಅಂತ ತಾನೆ ನಾನ್ ಒದ್ದಾಡ್ತಿರೋದು" ಅಂದ.

ಅವನ ಮಾತೂ ಸರಿ.

ಸಂದರ್ಶನದ ಬೆಳಿಗ್ಗೆ ನಮ್ಮ ಮನೆಗೆ ಬಂದು ಕಾಲಿಗೆ ಬಿದ್ದಳು. ಕೈ ಹಿಡಿದೆ. ಮಂಜುಗಡ್ಡೆಯ ಹಾಗಿತ್ತು. ಏನು ಹೇಳಿದರೂ ಸುಳ್ಳಾಗುತ್ತಿತ್ತು. ಸಂಜೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತಳು. "ಮಾತೆಲ್ಲಾ ಚೆನ್ನಾಗ್ ಆಡ್ದೆ ಅಜ್ಜಿ. ಆಮೇಲೆ ಮೇಣ ಕೊಟ್ಟು ಇಬ್ರು ನನ್ನ ಪಕ್ಕದಲ್ಲೇ ನಿಂತ್ಕೊಂಡ್ರು." ಸೀಟು ಬರಲಿಲ್ಲ. ಮರುವರ್ಷ ಮತ್ತೆ ಅರ್ಜಿ ಹಾಕಿದಳು. ಮತ್ತೆ ಹಾಗೇ. ಬೇರೆ ಕಾಲೇಜಿಗೆ ಹಾಕು ಅಂದರೆ, "ಎಲ್ಲಿಗೆ ಸೇರಿದ್ರೂ ಮೇಷ್ಟ್ರು ಪಕ್ಕದಲ್ಲಿ ನಿಂತೇ ಕೆಲಸ ನೋಡೋದು ಅಜ್ಜಿ. ಆಗ ಒಂದು ಬಾಯಿ ಬೇರೆ ಇರುತ್ತೆ, ನೋವಾಗೋ ಬಾಯಿ" ಅಂದಳು. ಆಮೇಲೆ ಹಾಕಲಿಲ್ಲ.

ಕಟ್ಟು ಹಲ್ಲು ತಯಾರಿಸುವ ಒಂದು ಕಾರ್ಖಾನೆಗೆ ಸೇರಿದಳು. ಅಲ್ಲಿ ಗೋಡೆಗೆ ಮುಖ ಮಾಡಿ ಕೂರುವ ಮೇಜಂತೆ. ಅಪ್ಪ ಜನರ ಮುಂದೆ "ಡೆಂಟಲ್ ಲೈನ್‌ನಲ್ಲೇ ಇದಾಳೆ" ಅನ್ನುತ್ತಿದ್ದ. ಕೆಲಸ ಹೇಗಿದೆಯೇ ಎಂದರೆ, "ಹಲ್ಲು ನಾನ್ ಮಾಡ್ತೀನಿ ಅಜ್ಜಿ. ನಗೋರನ್ನ ನೋಡಲ್ಲ" ಅಂದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಚಕ್ಕುಲಿ ಹಿಟ್ಟು ನಾದುತ್ತಿದ್ದೆ, ನಾದಿದೆ.

ನನ್ನ ಹಲ್ಲೆಲ್ಲ ಎಲೆಯಡಿಕೆಗೆ ಹೋಗಿ, ಉಳಿದದ್ದನ್ನೂ ಡಾಕ್ಟರು ಕಿತ್ತ ಮೇಲೆ, ನನ್ನ ಕಟ್ಟು ಹಲ್ಲು ಮಾಡಿದವಳು ಅವಳೇ. ಡಾಕ್ಟರು ಅದನ್ನು ಕೂರಿಸಿ ಕಳಿಸಿದ ಸಂಜೆ ಬಂದಳು. ಒತ್ತುತ್ತದೆ ಎಂದು ನಾನು ತೆಗೆದು ನೀರಿನ ಲೋಟದಲ್ಲಿ ಇಟ್ಟಿದ್ದೆ.

"ಹಾಕ್ಕೊಳ್ಳಿ ಅಜ್ಜಿ, ನೋಡ್ಬೇಕು."

ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ನನ್ನ ಬೊಚ್ಚು ಬಾಯಿಯನ್ನು ಮಗನಿಗೂ ತೋರಿಸಿದವಳಲ್ಲ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಡಬ್ಬಿಯಿಂದ ಒಂದು ಚಕ್ಕುಲಿ ತೆಗೆದು ನನ್ನ ಮುಂದಿಟ್ಟು, ಒಲೆಯ ಕಡೆ ತಿರುಗಿ ನಿಂತಳು.

"ನಾನ್ ನೋಡಲ್ಲ. ಹಾಕ್ಕೊಂಡು ಕಡೀರಿ. ಸದ್ದು ಕೇಳಿದ್ರೆ ಸಾಕು."

ಹಾಕಿಕೊಂಡು ಕಡಿದೆ. ಕಟುಂ ಅಂತು. ಅವಳು ತಿರುಗಲಿಲ್ಲ.

"ಇನ್ನೊಂದ್ ಸಲ," ಅಂದಳು.