ತೂಬಿನ ಬಳಿಯ ಗದ್ದೆ

ನನ್ನ ತವರು ಪಂಚನಹಳ್ಳಿಯ ಕಡೆ. ಅಲ್ಲಿ ನೀರೆಂದರೆ ನಮ್ಮದೇ ಬಾವಿಯ ನೀರು. ಅಪ್ಪ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದರೆ ಚರ್ಮದ ಬಾನಿ ಮೇಲೆ ಬರುವುದು, ಹಿಂದೆ ನಡೆದರೆ ಬಾವಿಗೆ ಇಳಿಯುವುದು. ಅಷ್ಟು ಕಷ್ಟದಿಂದ ಬಂದ ನೀರನ್ನು ತೆಂಗಿನ ಸಸಿಗಳ ಪಾತಿಯಲ್ಲಿ ಒಂದು ಹನಿಯೂ ಹೊರಹೋಗದಂತೆ ಕಟ್ಟಿ ನಿಲ್ಲಿಸುವುದು ನನ್ನ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು.

ಮದುವೆಯಾಗಿ ಬುಕ್ಕಾಂಬುಧಿ ಕೆರೆಯ ಕೆಳಗಿನ ಊರಿಗೆ ಬಂದೆ. ಕೆರೆಯನ್ನು ಮೊದಲು ಕಂಡಾಗ, ಇಷ್ಟು ನೀರನ್ನು ಸೇದಿ ಹಾಕಿದವರು ಯಾರು ಎಂದು ಕೇಳಿ ಮನೆಯವರನ್ನೆಲ್ಲ ನಗಿಸಿದ್ದೆ. ನಮ್ಮ ಗದ್ದೆ ಕೆರೆಯ ನೀರು ಹೊರಬರುವ ತೂಬಿನ ಪಕ್ಕದಲ್ಲೇ ಇತ್ತು. ಆಸ್ತಿ ಪಾಲಾದಾಗ ಗಂಡನ ಅಣ್ಣನಿಗೆ ನೀರು ಕಟ್ಟಕಡೆಗೆ ತಲುಪುವ ಗದ್ದೆ ಹೋಗಿತ್ತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಹೆಂಗಸರಾದ ನಾವೂ ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಬೇಕು. ವಾರಗಿತ್ತಿಯ ದನಿ ಹೇಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮೂರನೆಯ ವರ್ಷ ಕೆರೆ ಅರ್ಧಕ್ಕೇ ನಿಂತಿತು. ಆ ಊರಿನಲ್ಲೊಂದು ಕಟ್ಟಳೆ. ನೀರು ಸಾಲದ ವರ್ಷ ತೂಬಿನ ಬಳಿಯ ಗದ್ದೆಗಳಿಗೆ ಮಾತ್ರ ನೀರು. ಆ ಗದ್ದೆಗಳನ್ನು ಒಂದು ಬೆಳೆಯ ಮಟ್ಟಿಗೆ ಊರವರೆಲ್ಲ ಹಂಚಿಕೊಂಡು ಉಳಬೇಕು. ನಮ್ಮ ಗದ್ದೆಯ ಕೆಳಗಿನ ಅರ್ಧ ಭಾವನವರ ಪಾಲಿಗೆ ಬಂತು. ಬೇಸಗೆಯಿಡೀ ಕೆರೆಯ ಗೋಡುಮಣ್ಣು ಹೊತ್ತು ತಂದು ಅಲ್ಲಿ ಸುರಿದವಳು ನಾನು. ಹೊಟ್ಟೆ ಉರಿಯಿತು. ಅಮಲ್ದಾರರಿಗೆ ಅರ್ಜಿ ಕೊಡಿ ಎಂದು ಗಂಡನನ್ನು ಪೀಡಿಸಿದೆ. ಅವರು ಊರ ಕಟ್ಟಳೆ ಎಂದು ಸುಮ್ಮನಾದರು.

ನಾಟಿ ಮುಗಿಸಿ ಅವರು ಗಾಡಿ ಕಟ್ಟಿಕೊಂಡು ಬೀರೂರಿಗೆ ಬಾಡಿಗೆಗೆ ಹೋದರು. ನೀರುಗಂಟಿ ಸರದಿಯಂತೆ ಬಿಟ್ಟ ನೀರು ನಮ್ಮ ಅರ್ಧವನ್ನು ಹಾದು, ಬದುವಿನ ಕಂಡಿಯಿಂದ ಭಾವನವರ ಅರ್ಧಕ್ಕೆ ಇಳಿಯಬೇಕು. ನಾನು ಆ ಕಂಡಿಗೆ ಕೆಸರು ಮೆತ್ತಿದೆ. ಬದುವನ್ನೂ ಒಂದು ಗೇಣು ಎತ್ತರಿಸಿದೆ. ನನ್ನ ಪೈರಿಗೆ ಹೊಟ್ಟೆ ತುಂಬ ನೀರಾಯಿತೆಂದು ಹಿಗ್ಗಿ ಮನೆಗೆ ಹೋದೆ.

ಒಂದು ವಾರ ಬಿಟ್ಟು ಬಂದು ನೋಡಿದರೆ ಎಳೆಯ ಪೈರೆಲ್ಲ ಮುಳುಗಿ ಹಳದಿಯಾಗಿತ್ತು. ಮುಟ್ಟಿದರೆ ಕೊಳೆತ ಬುಡ ಕೈಗೆ ಬಂತು. ನಮ್ಮ ಸಸಿಮಡಿಯಲ್ಲಿ ಒಂದು ಕಂತೆಯೂ ಉಳಿದಿರಲಿಲ್ಲ. ಮತ್ತೆ ಬಿತ್ತಿ ಬೆಳೆಸುವಷ್ಟು ನೀರು ಕೆರೆಯಲ್ಲಿರಲಿಲ್ಲ. ಮನೆಯ ವರ್ಷದ ಅನ್ನವನ್ನು ನನ್ನ ಕೈಯಾರೆ ಹಾಳುಮಾಡಿದ್ದೆ. ಬದುವಿನ ಮೇಲೆ ಕೂತು ಅತ್ತುಬಿಟ್ಟೆ.

ಆ ಹೊತ್ತಿಗೆ ವಾರಗಿತ್ತಿ ಬಂದರು. ಅವರ ಕಡೆಯ ನೆಲ ಬಿರುಕು ಬಿಟ್ಟಿತ್ತು. ಮೆತ್ತಿದ ಕಂಡಿಯನ್ನು ನೋಡಿದರು, ನನ್ನ ಮುಖವನ್ನೂ ನೋಡಿದರು. ಇನ್ನು ಕೂಗಿ ಊರನ್ನೇ ಸೇರಿಸುತ್ತಾರೆ ಎಂದುಕೊಂಡೆ. ಅವರು ಗುದ್ದಲಿಯಿಂದ ಕಂಡಿ ಬಿಡಿಸಿ, ನೀರು ತಮ್ಮ ಕಡೆಗೆ ಇಳಿಯುವುದನ್ನು ನೋಡಿದರು.

"ಇದು ನಿಮ್ಮೂರ ತೆಂಗಿನ ಪಾತಿ ಅಲ್ಲ ಕಣೇ. ಭತ್ತದ ತಲೆ ಮುಳುಗ್ಬಾರ್ದು," ಎಂದರು. ಆಮೇಲೆ, "ನಮ್ ಮಡೀಲಿ ಸಸಿ ಮಿಕ್ಕೈತೆ. ನಾಳೆ ಬೆಳಿಗ್ಗೆ ಬಾ, ಕಿತ್ತು ಕೊಡ್ತೀನಿ. ಗಂಡಸ್ರಿಗೆ ಹೇಳ್ಬೇಡ."

"ಅಕ್ಕಾ" ಎಂದೆ, ಅಷ್ಟೆ.

ಇಬ್ಬರೇ ಬಗ್ಗಿ ಎರಡು ದಿನದಲ್ಲಿ ಮರುನಾಟಿ ಮುಗಿಸಿದೆವು. ಪೈರೇಕೆ ಇಷ್ಟು ಸಣ್ಣದಿದೆ ಎಂದು ಗಂಡ ಬಂದು ಕೇಳಿದಾಗ, ಈ ಸಲ ಹಾಗೇ ಎಂದೆ. ಕೊಯ್ಲಿನವರೆಗೂ ಅಕ್ಕ ಬದುವಿನ ಆಚೆ, ನಾನು ಈಚೆ. ಕಳೆ ಕೀಳುತ್ತ ಮಾತು, ರೊಟ್ಟಿ ಬುತ್ತಿ ಬಿಚ್ಚಿದರೆ ಅರ್ಧರ್ಧ. ನನ್ನ ಗಂಡ ಚಿಕ್ಕಂದಿನಲ್ಲಿ ಮಾಡಿದ ತುಂಟಾಟಗಳನ್ನೆಲ್ಲ ಹೇಳಿ ನಗಿಸುತ್ತಿದ್ದರು. ನಾನು ಬಸುರಿ ಎಂಬುದು ಅತ್ತೆಗಿಂತ ಮೊದಲು ತಿಳಿದದ್ದು ಅವರಿಗೆ. ಅಷ್ಟು ಸುಖವಾಗಿ ನಾನು ಆ ಊರಿನಲ್ಲಿ ಮತ್ತೆಂದೂ ದುಡಿಯಲಿಲ್ಲ.

ಮುಂದಿನ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಕೆರೆ ತುಂಬಿ ಕೋಡಿ ಬಿತ್ತು. ಅವರವರ ಗದ್ದೆ ಅವರವರಿಗೆ ಮರಳಿತು. ಅಕ್ಕ ಮತ್ತೆ ಆ ದೂರದ ಗದ್ದೆಗೆ ಹೋದರು. ಅಣ್ಣತಮ್ಮಂದಿರು ಆಗಲೂ ಮಾತಾಡುತ್ತಿರಲಿಲ್ಲ, ಬೀದಿಯಲ್ಲಿ ನಾವು ಮೊದಲಿನಂತೆ ಮುಖ ತಿರುಗಿಸಿದೆವು. ಬಾಗಿನ ಬಿಡಲು ಊರೆಲ್ಲ ಏರಿಯ ಮೇಲೆ ನೆರೆದಿತ್ತು. ಕೂಸನ್ನು ಸೊಂಟದಲ್ಲಿಟ್ಟುಕೊಂಡು ನಾನೂ ನಿಂತಿದ್ದೆ. ಬೇಸಾಯದ ಮನೆಯ ಸೊಸೆ ಅಂದುಕೊಳ್ಳಬಾರದ ಮಾತು, ಆದರೂ ಅಂದುಕೊಂಡೆ: ಈ ಕೆರೆ ಇಷ್ಟು ತುಂಬಬಾರದಿತ್ತು.