ಕೊಸರು ಕೇಳಬಾರದ ಹನಿ

ಕಮಲಾಪುರದ ಬಸ್ ನಿಲ್ದಾಣದ ಎದುರು ಬುಟ್ಟಿಯಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ವ್ಯಾಪಾರ ಶುರು ಮಾಡಿದವಳು ನಾನು. ಈಗ ಸ್ವಂತ ಅಂಗಡಿ ಇದೆ, ಕಲಬುರಗಿಯಿಂದ ಫೋನ್ ಮಾಡಿ ಹಣ್ಣು ಕೇಳುತ್ತಾರೆ. ಇಷ್ಟು ವರ್ಷದಲ್ಲಿ ಕೊಸರು ಕೊಡದೆ ಏನನ್ನೂ ಮಾರಿಲ್ಲ, ಕೊಸರು ಬಿಟ್ಟು ಏನನ್ನೂ ಕೊಂಡಿಲ್ಲ. ಡಜನ್ ಎಣಿಸಿದ ಮೇಲೆ ಒಂದು ಹಣ್ಣು ಹೆಚ್ಚಿಗೆ ಇಟ್ಟರೆ ಗಿರಾಕಿ ಮತ್ತೆ ನಮ್ಮಲ್ಲಿಗೇ ಬರುತ್ತಾನೆ. ಹಾಲು ಕೊಳ್ಳುವಾಗ ಅಳತೆ ಮುಗಿದರೂ ಪಾತ್ರೆ ಹಿಂದಕ್ಕೆ ತೆಗೆಯದೆ ಸುಮ್ಮನೆ ನಿಲ್ಲಬೇಕು. ಇನ್ನೊಂದು ಧಾರೆ ಬಿದ್ದೇ ಬೀಳುತ್ತದೆ.

ಈ ಅಭ್ಯಾಸವನ್ನು ಹೊತ್ತುಕೊಂಡೇ ಕಲಬುರಗಿಯ ಜೇವರ್ಗಿ ಕಾಲೋನಿಯ ಕಣ್ಣಿನ ದವಾಖಾನೆಗೂ ಹೋದೆ.

ಮಗಳ ಚೊಚ್ಚಲ ಹೆರಿಗೆ. ಕೂಸು ದಿನ ತುಂಬುವ ಮೊದಲೇ ಬಂದಿತ್ತು. ವಾರಗಟ್ಟಲೆ ಗಾಜಿನ ಪೆಟ್ಟಿಗೆಯಲ್ಲಿದ್ದ ಮೊಮ್ಮಗಳು ತೂಕ ಏರಿಸಿಕೊಂಡು ನಮ್ಮ ಮನೆಗೆ ಬಂದಿದ್ದಳು. ಇಂಥ ಕೂಸುಗಳ ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲವಂತೆ. ದಾರಿ ತಪ್ಪಿ ಬೆಳೆದರೆ ದೃಷ್ಟಿಯೇ ಹೋಗಬಹುದು, ಹೊರಗಿನಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲೂ ಅವಧಿಗೆ ಮುಂಚೆ ಕೂಸು ಹುಟ್ಟಿದ್ದರೆ, ಚೆನ್ನಾಗಿ ಮಿಟಿ ಮಿಟಿ ನೋಡುತ್ತದಲ್ಲ ಎಂದು ಸುಮ್ಮನಿರಬೇಡಿ, ಹುಟ್ಟಿದ ತಿಂಗಳೊಳಗೆ ಕಣ್ಣು ತೋರಿಸಿ. ಹಿಂದಿನ ಸಲ ಡಾಕ್ಟರು, ನಾಳಗಳು ಇನ್ನೂ ಪರದೆಯ ಅಂಚು ಮುಟ್ಟಿಲ್ಲ, ಲೇಸರ್ ಬೇಕೋ ಬೇಡವೋ ಮುಂದಿನ ಸಲ ಹೇಳುತ್ತೇನೆ ಎಂದಿದ್ದರು. ಆ ಮುಂದಿನ ಸಲವೇ ಅಂದು.

ಅಂಚು ಕಾಣಬೇಕಾದರೆ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳಬೇಕು. ಅದಕ್ಕೆ ಹನಿ ಹಾಕುತ್ತಾರೆ. ನರ್ಸ್ ನನ್ನ ಮಗಳ ವಯಸ್ಸಿನ ಹುಡುಗಿ, ಹಿಂದಿನ ಸಲವೇ ನನ್ನ ಬಾಳೆಹಣ್ಣಿನ ಅಂಗಡಿಯ ಸುದ್ದಿ ಕೇಳಿದ್ದಳು.

"ಕೂಸಿಗಿ ಹಾಲು ಯಾವಾಗ ಕುಡ್ಸೀರಿ?" ಎಂದಳು.

"ನೀವು ಹೇಳಿದಂಗ, ಬಸ್ ಹತ್ತೂಕಿಂತ ಮೊದಲ," ಎಂದಳು ಮಗಳು.

ನರ್ಸ್ ರೆಪ್ಪೆ ಬಿಡಿಸಿ ಒಂದು ಹನಿ ಬಿಟ್ಟಳು. ಕೂಸು ಕಣ್ಣು ಕಿವುಚಿತು, ಹನಿಯ ಅರ್ಧ ಕೆನ್ನೆಗೆ ಇಳಿಯಿತು. ಆಕೆ ತಕ್ಷಣ ಹತ್ತಿಯಿಂದ ಅದನ್ನು ಒರೆಸಿಬಿಟ್ಟಳು. ನನ್ನ ಕೈ ಹಾಗೇ ಮುಂದೆ ಹೋಯಿತು.

"ಸಿಸ್ಟರ್, ಅರ್ಧ ಹೊರಗ ಹೋತಲ್ರೀ. ಮ್ಯಾಲ ಒಂದ್ ಹನಿ ಕೊಸರು ಹಾಕ್ರಿ."

"ಆಯಿ, ಇದು ಬಾಳಿಹಣ್ಣಲ್ರೀ."

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ನರ್ಸ್ ಮತ್ತೊಮ್ಮೆ ಹಾಕಿ, ಮತ್ತೊಮ್ಮೆ ಒರೆಸಿದಳು. ಆಮೇಲೆ ಟಾರ್ಚ್ ಬಿಟ್ಟು ನೋಡಿದರೆ ಎಡಗಣ್ಣಿನ ಪಾಪೆ ಅಗಲವಾಗಿತ್ತು, ಬಲಗಣ್ಣಿನದು ಇನ್ನೂ ಅರ್ಧಕ್ಕೇ ನಿಂತಿತ್ತು. ಅದು ತೆರೆಯದಿದ್ದರೆ ಆ ಕಣ್ಣಿನ ಅಂಚು ಕಾಣದು.

"ನಾ ಆಗಲೇ ಹೇಳ್ದೆ. ಹಾಕ್ರಿ ಇನ್ನೆರಡು."

ಹುಡುಗಿ ಕೂಸಿನ ಹೊಟ್ಟೆಯನ್ನು ಮೆಲ್ಲಗೆ ಮುಟ್ಟಿ ನೋಡಿದಳು, ಪಾದಕ್ಕೆ ಕಟ್ಟಿದ್ದ ಯಂತ್ರದಲ್ಲಿ ಎದೆಬಡಿತ ನೋಡಿದಳು. ಆಮೇಲೆ ನನ್ನ ಪಕ್ಕ ಕೂತಳು. "ಆಯಿ, ದೊಡ್ಡವರ ಹನಿ ಬ್ಯಾರೆ, ಇದು ತೆಳ್ಳಗ ಮಾಡಿದ್ದು. ಅದೂ ಕಣ್ಣಾಗಷ್ಟೇ ನಿಲ್ಲಂಗಿಲ್ಲ, ಮೂಗಿಗಿ ಇಳದು ಮೈಯಾಗೂ ಹೋಗ್ತದ. ಹೆಚ್ಚಾತಂದ್ರ ಬಿಪಿ ಏರ್ತದ, ಹೊಟ್ಟಿ ಉಬ್ತದ, ಕೆಲವು ಕೂಸು ಉಸಿರಾಡೋದೂ ತಡಿತಾವ. ಅದಕ್ಕ ಒರಸ್ತೀನಿ. ನಮ್ಮಂಥವರ ಕರೀ ಕಣ್ಣು ತೆರಿಲಾಕ ಒಂದಿಷ್ಟು ತಡ ಆಗ್ತದ, ಒಂದು ಮುಂದ, ಒಂದು ಹಿಂದ. ಕಾಯೋಣು. ಇನ್ನೊಂದು ಬೇಕಾದ್ರ ಡಾಕ್ಟರಿಗಿ ಕೇಳೇ ಹಾಕ್ತೀನಿ."

ಒರೆಸಿದ್ದು ದಂಡ ಎಂದುಕೊಂಡಿದ್ದೆ, ಅದೇ ಕೂಸಿನ ಕಾವಲಾಗಿತ್ತು. ಕಾಯುವುದು ನನಗೂ ಗೊತ್ತು. ಹಣ್ಣಾಗಲೆಂದು ಹುಲ್ಲು ಮುಚ್ಚಿಟ್ಟ ಗೊನೆಯನ್ನು ಅವಸರದಲ್ಲಿ ಒತ್ತಿ ನೋಡುವವರಿಗೆ ನಾನೇ ಬೈಯುತ್ತೇನೆ.

ಆಕೆ ಕೂಸಿನ ಕಣ್ಣಿಗೆ ಮೆತ್ತನೆ ಬಟ್ಟೆ ಹೊದಿಸಿ, ನಾ ಹೊಟ್ಟಿ ನೋಡಿ ಹೇಳೂತನ ಹಾಲು ಕುಡಿಸಬ್ಯಾಡ್ರಿ ಎಂದು ಹೇಳಿ ಹೋದಳು. ತಿರುಗಿ ಬಂದು ಬಟ್ಟೆ ಸರಿಸಿ ಟಾರ್ಚ್ ಹಿಡಿದಾಗ ಎರಡೂ ಕಣ್ಣು ದುಂಡಗೆ, ಕಪ್ಪಗೆ, ತುಂಬಿದ ಬಾವಿಯ ಹಾಗಿದ್ದವು.

"ನೋಡ್ರಿ ಆಯಿ. ಕೊಸರು ಇಲ್ಲದೇ ಆತು."

ಡಾಕ್ಟರು ನೋಡುವಾಗ ಕೂಸು ಸೂರು ಹಾರಿಹೋಗುವಂತೆ ಅತ್ತಿತು. ನಾನು ಅದರ ತಲೆ ಹಿಡಿದು ನಿಂತಿದ್ದೆ, ಮಗಳು ಬಾಗಿಲಾಚೆ. ಡಾಕ್ಟರು ದೀಪ ತೆಗೆದು ಬೆನ್ನು ನೆಟ್ಟಗೆ ಮಾಡಿ, "ಎರಡೂ ಕಣ್ಣಾಗ ನಾಳ ಅಂಚು ಮುಟ್ಯಾವ. ಲೇಸರ್ ಬ್ಯಾಡ. ಮುಂದ ಚಷ್ಮಾ ಬೇಕೇನು ನೋಡಲಾಕ ಒಮ್ಮೆ ತೋರ್ಸಿದ್ರ ಸಾಕು," ಎಂದರು. ನಾನು ಇನ್ನೊಮ್ಮೆ ಹೇಳಿಸಿದೆ. ಆ ಮಾತಿನಲ್ಲಿ ಕೊಸರು ಕೇಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂಸು ಹಸಿದು ಒದ್ದಾಡುತ್ತಿತ್ತು. ಮಗಳು ಕಣ್ಣೊರೆಸಿಕೊಳ್ಳುತ್ತಲೇ ಎದೆಗೆ ಎತ್ತಿಕೊಂಡಳು. ನಾನು ತಡೆದೆ.

"ತಡಿ. ಈಗೇ ಬ್ಯಾಡ ಅಂದಾಳ. ಅಕಿ ಹೊಟ್ಟಿ ನೋಡಿ ಹೇಳ್ಲಿ."

"ಯವ್ವಾ, ನೀ ಯಾವಾಗಿಂದ ಮಂದಿ ಮಾತು ಕೇಳ್ಲಾಕತ್ತೀ?"

"ಇವತ್ತಿಂದ."

ನರ್ಸ್ ಬಂದು ಹೊಟ್ಟೆ ಮುಟ್ಟಿ, ಯಂತ್ರ ಬಿಚ್ಚಿ, ಕುಡಿಸ್ರಿ ಎಂದಳು. ನಾನು ಚೀಲದಿಂದ ಒಂದು ಡಜನ್ ಕೆಂಪು ಬಾಳೆಹಣ್ಣು ತೆಗೆದು ಕೊಟ್ಟೆ, ಮೇಲೆ ಎರಡು ಇಟ್ಟೆ.

"ಈ ಎರಡು ಯಾಕ, ಆಯಿ?"

"ಇದು ಬಾಳಿಹಣ್ಣವ್ವ. ಸುಮ್ನ ತಗೋ."

ಆಕೆ ಅಲ್ಲೇ ಒಂದನ್ನು ಸುಲಿದಳು. ಮಗಳ ಸೆರಗಿನ ನೆರಳಲ್ಲಿ ಮೊಮ್ಮಗಳು ಅಷ್ಟಗಲ ಕಣ್ಣು ಬಿಟ್ಟುಕೊಂಡೇ ಗಟಗಟ ಹಾಲು ಕುಡಿಯುತ್ತಿದ್ದಳು.