ವೈನಿಯ ಮೂರು ಗಂಟೆಯ ಕಾಫಿ

ಪಕ್ಕದ ಮನೆಯಲ್ಲಿ ಏಲಕ್ಕಿ ಕುಟ್ಟುತ್ತಿದ್ದರು. ಹೋಳಿಗೆಗೆ ಇರಬೇಕು. ಕಿಟಕಿಯಿಂದ ಆ ವಾಸನೆ ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕುಳಿತೆ. ಏಲಕ್ಕಿ ಎಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ. ನನಗೆ ಸವಣೂರಿನ ಒಂದು ಪಡಸಾಲೆ, ಹಾಲಿಲ್ಲದ ಕಾಫಿ, ಮತ್ತು ನಾನು ವೈನಿ ಎಂದು ಕರೆಯುತ್ತಿದ್ದ ಒಬ್ಬ ಹೆಣ್ಣುಮಗಳು ನೆನಪಾಗುತ್ತಾಳೆ. ಆಕೆ ಹೋದ ತಿಂಗಳು ತನ್ನ ದೇಶದಲ್ಲಿ ತೀರಿಕೊಂಡಳು. ಆಕೆಯ ತಂಗಿಯ ಮಗಳು ಫೋನು ಮಾಡಿ ತಿಳಿಸಿದಳು. ಅವಳ ಇಂಗ್ಲಿಷು ನನಗೆ ಅರ್ಧ ತಿಳಿಯಿತು... ಅಷ್ಟು ಸಾಕಾಗಿತ್ತು.

ವೈನಿ ಎಂದರೆ ನಮ್ಮ ಕಡೆ ಅತ್ತಿಗೆ. ಆಕೆ ನನ್ನ ಗೆಳೆಯನ ಹೆಂಡತಿ, ಸ್ವೀಡನ್ ದೇಶದವಳು. ಅಲ್ಲಿ ಕೈಮಗ್ಗದಲ್ಲಿ ನೇಯುತ್ತಿದ್ದವಳು ಖಾದಿ ಕಲಿಯಬೇಕೆಂದು ನಮ್ಮ ಕಡೆ ಬಂದಿದ್ದಳು. ಗೆಳೆಯ ಆಗ ನೂಲಿಗೆ ಬಣ್ಣ ಹಾಕುವ ಕೆಲಸದಲ್ಲಿದ್ದ. ಮದುವೆಯಾದ ಮೇಲೆ ಇಬ್ಬರೂ ಸವಣೂರಿಗೆ ಬಂದು ಅವನ ಅವ್ವನ ಜೊತೆ ಉಳಿದರು. ಅವರಿಗೆ ಅಲ್ಲಿ ಸ್ವಲ್ಪ ವೀಳ್ಯದೆಲೆಬಳ್ಳಿಯ ತೋಟವಿತ್ತು.

ನಾನು ಶಿಗ್ಗಾಂವಿಯಲ್ಲಿ ಪಂಪಿನ ಮೋಟಾರು ರಿಪೇರಿ ಮಾಡುತ್ತಿದ್ದೆ. ಆ ವರ್ಷ ನನ್ನ ಹೆಂಡತಿ ತೀರಿಕೊಂಡಿದ್ದಳು. ನಮಗೆ ಮಕ್ಕಳಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಮನೆಯ ಕಡೆ ಕಾಲು ಏಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕುಳಿತು, ಬಂದು ಹೋಗುವ ಮಂದಿಯನ್ನು ನೋಡಿ, ಕತ್ತಲಾದ ಮೇಲೆ ಹೋಗಿ ಮಲಗುತ್ತಿದ್ದೆ. ಅಂಥ ದಿನಗಳಲ್ಲಿ ಗೆಳೆಯನ ತೋಟದ ಮೋಟಾರು ಸುಟ್ಟಿತು. ಅದನ್ನು ಸರಿಮಾಡಲು ಹೋದವನನ್ನು ಅವನು ಮನೆಗೆ ಕರೆದೊಯ್ದ.

ವೈನಿ ಕಾಫಿಯ ಕಪ್ಪು ತಂದುಕೊಟ್ಟಳು. ನಾನು ಚಹಾದಂಗಡಿಯ ರೂಢಿಯಂತೆ ಬಾಗಿಲ ಹತ್ತಿರವೇ ನಿಂತು ಗುಟುಕರಿಸಲು ಹೊರಟೆ.

"ನಿಂತ್ ಕುಡ್ಯಾಕ ನೀವೇನ್ ಎಮ್ಮಿ ಏನ್ರಿ? ಕುಂತ್ರಿ" ಅಂದಳು.

ಕೆಂಪು ಮುಖದ ಪರದೇಶಿ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ನಾನು ದಂಗಾದೆ. ಗೆಳೆಯ ನಕ್ಕು, "ನಮ್ಮವ್ವ ಕಲಿಸ್ಯಾಳ. ಬೈಗುಳ ಮೊದಲ ಕಲಿಸ್ಯಾಳ, ಆಮೇಲೆ ಉಳಿದದ್ದು" ಅಂದ. "ಬೈಯಾಕ ಬರದs ಇದ್ರ ಈ ಊರಾಗ ಸಂಸಾರ ಹೆಂಗ ಮಾಡ್ತಾಳೋ?" ಎಂದು ಅವ್ವ ಒಳಗಿನಿಂದಲೇ ಉತ್ತರ ಕೊಟ್ಟಳು.

ಮಧ್ಯಾಹ್ನ ಮೂರಕ್ಕೆ ವೈನಿ ಕಪ್ಪಿನ ಬಸಿಯನ್ನು, ಅಂದರೆ ಸಾಸರನ್ನು, ಚಮಚದಿಂದ ಬಾರಿಸಿದರೆ ಆ ಮನೆಯಲ್ಲಿ ಎಲ್ಲ ಕೆಲಸ ನಿಲ್ಲುತ್ತಿತ್ತು. ವೈನಿಯ ಊರಲ್ಲಿ ಅದೇ ಪದ್ಧತಿಯಂತೆ. ಯಾರು ಏನೇ ಮಾಡುತ್ತಿದ್ದರೂ ಬಿಟ್ಟು ಬಂದು, ಕುಳಿತು, ಕಾಫಿ ಕುಡಿಯಬೇಕು. ಕೆಲಸದ ಮಾತು ಆಡಬಾರದು. ನಮ್ಮ ಕಡೆ ಎಲ್ಲರೂ ಚಹಾದವರು. ಕಾಫಿಪುಡಿಯನ್ನು ಗೆಳೆಯ ಹುಬ್ಬಳ್ಳಿಯಿಂದ ತರುತ್ತಿದ್ದ. ಅದನ್ನು ಹಾಲು ಹಾಕದೆ ಕಪ್ಪಗೆ ಕುದಿಸಿ ಇಳಿಸಿದರೆ ಅವ್ವ ಅದಕ್ಕೆ ಕಷಾಯ ಅನ್ನುತ್ತಿದ್ದಳು. ಜೊತೆಗೆ ಏಲಕ್ಕಿ ಹಾಕಿದ ಬನ್ನು. ಹಿಟ್ಟನ್ನು ವೈನಿ ಮನೆಯಲ್ಲೇ ನಾದಿ, ಸುರುಳಿ ಸುತ್ತಿ, ಓಣಿಯ ತುದಿಯ ಬೇಕರಿಯ ಭಟ್ಟಿಯಲ್ಲಿ ಸುಡಿಸಿ ತರುತ್ತಿದ್ದಳು. ಅದರ ಪಕ್ಕದಲ್ಲಿ ಅವ್ವನ ಪಾಲಿನ ಕುರುಕಲು, ಸವಣೂರ ಖಾರ. ಬನ್ನು ಕಚ್ಚುವುದು, ಖಾರ ಮುಕ್ಕುವುದು, ಮೇಲೆ ಕಹಿ ಕಾಫಿ... ಮೊದಲ ದಿನ ವಿಚಿತ್ರ ಅನಿಸಿತು. ಆಮೇಲೆ ಅದಿಲ್ಲದ ವಾರ ವಾರದ ಹಾಗೆ ಇರುತ್ತಿರಲಿಲ್ಲ.

"ಮಸೂತ್ಯಾಗ ಬಾಂಗ್ ಕೂಗ್ತಾರ, ಮಠದಾಗ ಗಂಟಿ ಬಾರಸ್ತಾರ, ನಮ್ಮನ್ಯಾಗ ಈಕಿ ಬಸಿ ಬಾರಸ್ತಾಳ" ಎಂದು ಅವ್ವ ಬರುಹೋಗುವವರಿಗೆಲ್ಲ ಹೇಳುತ್ತಿದ್ದಳು. ಆದರೆ ಮೂರಕ್ಕೆ ಎಲ್ಲರಿಗಿಂತ ಮೊದಲು ಬಂದು ಗೋಡೆಗೆ ಆತು ಕೂರುವವಳು ಅವಳೇ. ತಟ್ಟೆಯಲ್ಲಿನ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳಬಾರದು ಎಂಬುದು ವೈನಿಯ ಕಡೆಯ ಇನ್ನೊಂದು ಮರ್ಯಾದೆ. ಅದೊಂದು ಉಳಿದಾಗ ಅವ್ವ, "ದೃಷ್ಟಿಗೆ ಇಟ್ಟಾಳ ನೋಡು" ಎಂದು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ವೈನಿ ನನ್ನನ್ನು ಕೇಳಿದಳು, "ನಿಮ್ಮ ಹೆಂಡ್ತಿ ಕೈಲೆ ಯಾವ ಅಡಗಿ ಚೊಲೋ ಆಗ್ತಿತ್ತರಿ?" ಹೆಂಡತಿ ಹೋದ ಮೇಲೆ ಯಾರೂ ನನ್ನೆದುರು ಅವಳ ಮಾತು ಎತ್ತಿರಲಿಲ್ಲ. ನನಗೆ ನೋವಾದೀತು ಎಂದು ಎಲ್ಲರೂ ಮಳೆ, ಕರೆಂಟು, ಬಸ್ಸಿನ ಮಾತು ಆಡುತ್ತಿದ್ದರು. "ಪುಂಡಿಪಲ್ಯ" ಅಂದೆ. ಅಷ್ಟು ಹೇಳಿ ಕಪ್ಪನ್ನು ಬರಿದು ಮಾಡಿದೆ. ವೈನಿ ಒಳಗಿನಿಂದ ಕಾಫಿಯ ಪಾತ್ರೆ ತಂದಳು. ನನ್ನ ಕಪ್ಪಿಗೆ ಮತ್ತೆ ಹಾಕಿದಳು. ಅಂದಿನಿಂದ ವಾರಕ್ಕೊಮ್ಮೆ ಸವಣೂರಿನ ಬಸ್ಸು ಹತ್ತಲು ನನಗೆ ಯಾವ ನೆಪವೂ ಬೇಕಾಗಲಿಲ್ಲ.

ಅವರ ಮದುವೆಯಾಗಿ ಮೂರು ವರ್ಷ ತುಂಬುವ ಮೊದಲೇ ಗೆಳೆಯ ತೋಟದಲ್ಲಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅವ್ವ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಯಾರೊಂದಿಗೂ ಮಾತಾಡಲಿಲ್ಲ.

ಮೂರನೆಯ ದಿನ ನಾನು ಹೋದಾಗ ಪಡಸಾಲೆಯಲ್ಲಿ ಮಗ್ಗದ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕಪ್ಪುಗಳನ್ನು ಸಾಲಾಗಿ ಇಟ್ಟಿದ್ದಳು ವೈನಿ. ಕೆಲವು ನೆರೆಯವರಿಂದ ಕೇಳಿ ತಂದವು. ತಟ್ಟೆಯ ತುಂಬ ಬನ್ನು. ಆಕೆಯ ದೇಶದಲ್ಲಿ ಮಣ್ಣಾದ ಮೇಲೆ ಬಂದವರೆಲ್ಲ ಕೂಡಿ ಕುಳಿತು, ಕಾಫಿ ಕುಡಿಯುತ್ತ, ಹೋದವರ ಮಾತು ಆಡುವುದು ಪದ್ಧತಿ. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಮಾತಾಡಿಸಲು ಬಂದವರು ನೀರೂ ಮುಟ್ಟುವುದಿಲ್ಲ. ಇದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಅಂಥ ಮನೆಗಳಿಗೆ ಅವ್ವ ಒಬ್ಬಳೇ ಹೋಗಿಬರುತ್ತಿದ್ದಳು.

ಮಂದಿ ಬಂದರು. ಕಪ್ಪುಗಳನ್ನು ನೋಡಿದರು. ಗೋಡೆಯ ಬದಿಗೆ ಸ್ವಲ್ಪ ಹೊತ್ತು ಕುಳಿತು ಎದ್ದುಹೋದರು. "ಗಂಡ ಸತ್ತ ಮೂರ ದಿನಕ್ಕ ಹಬ್ಬದ ಫರಾಳಕ್ಕ ಕರದಂಗ ಇಟ್ಟಾಳಲ್ಲವಾ" ಎಂದು ಒಬ್ಬಾಕೆ ಮೆಟ್ಟಿಲಲ್ಲಿ ಅಂದದ್ದು ಒಳಗೂ ಕೇಳಿಸಿತು. ವೈನಿ ಒಬ್ಬೊಬ್ಬರಿಗೂ ಕಪ್ಪು ಚಾಚುತ್ತಿದ್ದಳು. ಒಬ್ಬೊಬ್ಬರೂ ಕೈ ಅಡ್ಡ ಮಾಡುತ್ತಿದ್ದರು. ಕಾಫಿ ಆರಿ ಮೇಲೆ ಎಣ್ಣೆಯಂಥ ತೆಳು ಪದರು ಕಟ್ಟಿತು.

ಎಲ್ಲರೂ ಹೋದ ಮೇಲೆ ಆಕೆ ಒಂದು ಮೂಲೆಯಲ್ಲಿ ಕುಳಿತಳು. ಅಳುತ್ತಿರಲಿಲ್ಲ. ನಾನು ಹೋಗಿ ಬಟ್ಟೆಯ ಮುಂದೆ ಕುಳಿತು ಒಂದು ಕಪ್ಪು ಎತ್ತಿಕೊಂಡೆ. ತಣ್ಣಗಾಗಿತ್ತು. ಕುಡಿದೆ.

ಒಳಗಿನಿಂದ ಅವ್ವನ ದನಿ ಬಂತು. "ಯಾರದು?"

"ನಾನs ಅವ್ವಾ."

"ಏನ್ ಮಾಡಾಕತ್ತಿ?"

"ಕಾಫಿ ಕುಡ್ಯಾಕತ್ತೇನಿ."

ಅವ್ವ ಬೈಯುತ್ತಾಳೆ ಅಂದುಕೊಂಡೆ. "ನನಗೂ ಒಂದೀಟು ತರಾಕ ಹೇಳು ಆಕಿಗೆ" ಅಂದಳು. "ಬಿಸಿ ಮಾಡಿ ತರ್ಲಿ. ಅವಗ ಆರಿದ್ದು ಸೇರ್ತಿದ್ದಿಲ್ಲ."

ಅವ್ವ ಗೋಡೆಗೆ ಆತು ಕುಳಿತು ಕುಡಿದಳು. ವೈನಿಯೂ ಕುಡಿದಳು. ಮೂವರೂ ಅವನ ಮಾತು ಆಡಿದೆವು. ಅವನು ಚಿಕ್ಕಂದಿನಲ್ಲಿ ಬಣ್ಣದ ಬಾನಿಯಲ್ಲಿ ಬಿದ್ದು ನೀಲಿಯಾಗಿ ಮನೆಗೆ ಬಂದದ್ದನ್ನು ಅವ್ವ ಹೇಳಿದಳು. ಹೇಳುತ್ತ ನಕ್ಕಳು, ಆಮೇಲೆ... ಸೆರಗು ಬಾಯಿಗೆ ಒತ್ತಿಕೊಂಡಳು.

ನಾನು ಹೊರಡಲು ಎದ್ದು, ಏನೂ ಹೇಳದೆ ಚಪ್ಪಲಿ ಮೆಟ್ಟಿದೆ. ವೈನಿ ಹಿಂದೆಯೇ ಬಂದಳು.

"ಇವತ್ತ ಯಾರೂ ಬರ್ತೇನಿ ಅನ್ನಲಿಲ್ಲ. ಹಂಗs ಹೋದ್ರು. ನೀವೂ ಇನ್ನ ಬರೂದಿಲ್ಲೇನ್ರಿ?"

ಆಕೆ ಬೆಳಗಿನಿಂದ ಏನು ತಿಳಿದುಕೊಂಡಿದ್ದಳು ಎಂಬುದು ನನಗೆ ಆಗ ಗೊತ್ತಾಯಿತು. ಗಂಡ ಹೋದ, ಇನ್ನು ಈ ಊರಿಗೆ ತಾನು ಯಾರೂ ಅಲ್ಲ ಅಂದುಕೊಂಡಿದ್ದಳು. "ಹಂಗಲ್ರಿ ವೈನಿ. ಸಾವಿನ ಮನ್ಯಾಗ ಬರ್ತೇನಿ ಅನ್ನಬಾರದು. ಅಂದ್ರ ಮತ್ತ ಅಂಥಾದ್ದಕ್ಕs ಬರೂ ಹಂಗ ಆಗತೈತಿ ಅಂತಾರ" ಅಂದೆ.

ಆಕೆ ಯೋಚಿಸಿದಳು. "ಹಂಗಾದ್ರ ಹೇಳಬ್ಯಾಡ್ರಿ" ಅಂದಳು. "ಬರ್ರಿ."

ಹೋದೆ. ಅವ್ವ ಇರುವವರೆಗೂ ಹೋದೆ. ಅವ್ವನನ್ನು ವೈನಿಯೇ ನೋಡಿಕೊಂಡಳು, ಹೊತ್ತು ಮಲಗಿಸಿ, ಎಬ್ಬಿಸಿ, ಕೊನೆಯ ದಿನಗಳಲ್ಲಿ ಕಾಫಿಯಲ್ಲಿ ಬನ್ನು ಅದ್ದಿ ತಿನ್ನಿಸಿ. ಅವ್ವನೂ ಹೋದ ಮೇಲೆ ಮನೆ ಬೇರೆಯವರದಾಯಿತು. ಆಕೆ ತನ್ನ ತಂಗಿಯ ಊರಿಗೆ ಮರಳಿದಳು. ಆಗಾಗ ಫೋನು ಮಾಡುತ್ತಿದ್ದಳು. ಅಲ್ಲಿ ಹಿಮದ ನಡುವೆ ಕುಳಿತು, "ಊಟ ಆತೇನ್ರಿ?" ಅನ್ನುತ್ತಿದ್ದಳು. ಬರಬರುತ್ತ ಅವಳ ಕನ್ನಡ ತಡವರಿಸತೊಡಗಿತು. ಅಲ್ಲಿ ಅದನ್ನು ಯಾರ ಜೊತೆ ಆಡಬೇಕು...

ಸಾವಿನ ಸುದ್ದಿ ಬಂದ ಮೇಲೆ ಮಾತಾಡಿಸಲು ಹೋಗಬೇಕು. ನಮಗೆ ಗೊತ್ತಿರುವುದು ಅದೊಂದೇ. ಆದರೆ ಯಾರ ಮನೆಗೆ ಹೋಗಲಿ? ನಿನ್ನೆ ಸವಣೂರಿನ ಬಸ್ಸು ಹತ್ತಿದೆ. ಆ ಬಾಗಿಲ ಮುಂದೆ ನಿಂತಾಗ ನನಗೆ ಗುರುತಿಲ್ಲದ ಒಬ್ಬ ಹೆಣ್ಣುಮಗಳು ಹೊರಗೆ ಬಂದಳು.

"ಯಾರ ಬೇಕಾಗಿತ್ರಿ, ಅಜ್ಜಾರ?"

"ಮೊದಲ ಇಲ್ಲಿ ನಮ್ಮವರು ಇದ್ರವಾ" ಅಂದೆ.

ಅವಳು ನನ್ನ ಮುಖ ನೋಡಿದಳು. ಏನನ್ನಿಸಿತೋ, "ಬಿಸಲಾಗ ಬಂದೀರಿ. ಚಾ ಇಟ್ಟೇನಿ, ಕುಡದು ಹೋಗ್ರಿ" ಅಂದಳು.

ಒಳಗೆ ಹೋಗಿ ಕುಳಿತೆ. ನನ್ನ ಪಾಲಿಗೆ ಅದು ಸಾವಿನ ಮನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಕೊಟ್ಟ ಚಹಾವನ್ನು ಅವಸರ ಮಾಡದೆ ಪೂರ್ತಿ ಕುಡಿದೆ. ಕಪ್ಪು ಕೆಳಗಿಟ್ಟು ಎದ್ದೆ.

"ಮತ್ತ ಬರ್ರಿ" ಅಂದಳು ಬಾಗಿಲಲ್ಲಿ ನಿಂತು.

ನಾನು ಏನೂ ಹೇಳದೆ ಓಣಿಗೆ ಇಳಿದೆ.